ದೀಕ್ಷಾಸ್ನಾನವು ಯಾರಿಗೆ? ತುಂಗಾ ಭದ್ರಾ ತೀರದ ಬ್ಯಾಪ್ಟಿಸ್ಟ್ ಸಭೆಯವರ ನಂಬಿಕೆಯನ್ನೂ ಚರಿತ್ರೆಯನ್ನೂ ಕುರಿತ ಪಾಠ

ಓದತಕ್ಕ ವೇದಭಾಗಗಳು: ಅಪೊಸ್ತಲರ ಕೃತ್ಯಗಳು 8:26–40, 16:11–40, ಲೂಕ 14:25–33.



ಸಂತೆಗೋ ಆಸ್ಪತ್ರೆಗೋ ಕೋರ್ಟುಕಚೇರಿಗೋ ಶಿವಮೊಗ್ಗಕ್ಕೂ ಭದ್ರಾವತಿಗೂ ಹೋಗಿಬರುವ ಹಳ್ಳಿಯ ವಿಶ್ವಾಸಿಗಳು ಅಲ್ಲಿ ಬ್ಯಾಪ್ಟಿಸ್ಟರೆಂಬ ಹೆಸರಿನ ಸಭೆಯವರನ್ನು ಕಂಡು, ಊರಿಗೆ ಹಿಂತಿರುಗಿದ ಮೇಲೆ ತಮ್ಮ ಉಪದೇಶಿಗಳನ್ನು ಕೇಳುವ ಪ್ರಶ್ನೆಗಳು ಕೆಲವುಂಟು. ಇವರೂ ನಮ್ಮ ಹಾಗೆಯೇ ಯೇಸುಸ್ವಾಮಿಯನ್ನು ನಂಬುವವರಲ್ಲವೇ? ಅದೇ ಸತ್ಯವೇದವನ್ನು ಓದುವವರಲ್ಲವೇ? ಹಾಗಾದರೆ ತಮ್ಮ ಶಿಶುಗಳಿಗೆ ದೀಕ್ಷಾಸ್ನಾನವನ್ನು ಯಾಕೆ ಕೊಡಿಸುವದಿಲ್ಲ? ಶಿಶುವಾಗಿದ್ದಾಗ ಒಂದು ಸಾರಿ ಸ್ನಾನ ಹೊಂದಿದವನನ್ನು ಪುನಃ ನೀರಿಗೆ ಇಳಿಸುವದೇಕೆ? ಬಿಷಪ್ಪರಿಲ್ಲದೆ ಇವರ ಸಭೆ ನಡೆಯುವದು ಹೇಗೆ? ಇವು ನ್ಯಾಯವಾದ ಪ್ರಶ್ನೆಗಳೇ. ಆ ಹೆಸರನ್ನು ಹೊತ್ತ ನಾವು ಬೇರೆ ಬೇರೆ ಸಭೆಗಳವರು ಕೂಡಿ ಓದುವ ಈ ಪತ್ರಿಕೆಯಲ್ಲಿ ಅವುಗಳಿಗೆ ಉತ್ತರ ಹೇಳುವದು ಯುಕ್ತವಾಗಿದೆ. ವಾದಿಸಿ ಗೆಲ್ಲುವದು ನಮ್ಮ ಉದ್ದೇಶವಲ್ಲ. ಆದರೆ ಈ ವಿಷಯದಲ್ಲಿ ಇಂದಿನ ದಿವಸ ನಮ್ಮ ಹಳ್ಳಿಗಳಲ್ಲಿ ಕೆಲವರ ಜೀವನವೇ ಸಿಕ್ಕಿಕೊಂಡಿರುವದರಿಂದ, ಮಾತನ್ನು ಮರೆಮಾಚದೆ ಆಡಬೇಕಾಗಿದೆ.

ಮೊದಲು ಹೆಸರಿನ ಸಂಗತಿ. ಬ್ಯಾಪ್ಟಿಸ್ಟರೆಂಬ ಹೆಸರನ್ನು ನಮ್ಮ ಪೂರ್ವಿಕರು ತಾವಾಗಿ ಇಟ್ಟುಕೊಳ್ಳಲಿಲ್ಲ. ಅವರನ್ನು ಹಾಸ್ಯಮಾಡಿದ ಜನರು ಇಟ್ಟರು. ಅಂತಿಯೋಕ್ಯದಲ್ಲಿ ಶಿಷ್ಯರಿಗೆ ಕ್ರೈಸ್ತರೆಂಬ ಹೆಸರನ್ನು ಇಟ್ಟವರೂ ಹೊರಗಿನವರೇ ಎಂಬದನ್ನು ವಾಚಕರು ಜ್ಞಾಪಿಸಿಕೊಳ್ಳಲಿ. ಇಂಗ್ಲೆಂಡಿನಲ್ಲಿ ಅರಸನೇ ಸಭೆಗೆ ಯಜಮಾನನಾಗಿದ್ದ ಕಾಲದಲ್ಲಿ, ಊರಿನಲ್ಲಿ ಹುಟ್ಟಿದವರೆಲ್ಲರೂ ಹುಟ್ಟಿನಿಂದಲೇ ಸಭೆಯವರೆಂದು ಎಣಿಸಲ್ಪಡುತ್ತಿದ್ದರು. ಇದನ್ನು ಒಪ್ಪದ ಕೆಲವರು ದೇಶವನ್ನು ಬಿಟ್ಟು ಹಾಲೆಂಡಿಗೆ ಓಡಿಹೋದರು. ಅವರಲ್ಲಿ ಜಾನ್ ಸ್ಮಿತ್ ಎಂಬ ಬೋಧಕರು 1609ರಲ್ಲಿ ಆಮ್ಸ್ಟರ್ಡಾಮ್ ಪಟ್ಟಣದಲ್ಲಿ, ನಂಬಿಕೆಯನ್ನು ಸ್ವಂತ ಬಾಯಿಂದ ಅರಿಕೆಮಾಡಿದವರಿಗೆ ಮಾತ್ರ ದೀಕ್ಷಾಸ್ನಾನವೆಂದು ನಿಶ್ಚಯಿಸಿಕೊಂಡು, ಮೊದಲು ತಮಗೂ ಆ ಮೇಲೆ ತಮ್ಮ ಜೊತೆಗಾರರಿಗೂ ಸ್ನಾನ ಕೊಟ್ಟರು. ಹೇಗೆ ಕೊಟ್ಟರು? ನೀರನ್ನು ಹೊಯ್ದು ಕೊಟ್ಟರು, ಮುಳುಗಿಸಲಿಲ್ಲ. ಮುಳುಗಿಸುವ ಪದ್ಧತಿಯು ಇಂಗ್ಲೆಂಡಿನ ಬ್ಯಾಪ್ಟಿಸ್ಟರಲ್ಲಿ ಸ್ಥಿರಪಟ್ಟದ್ದು ಇನ್ನೂ ಮೂವತ್ತು ವರುಷಗಳಾದ ಮೇಲೆ, 1640ರ ಸುಮಾರಿಗೆ. ಈ ಸಂಗತಿಯನ್ನು ನಮ್ಮ ಸಭೆಯವರಲ್ಲಿಯೇ ಅನೇಕರು ಅರಿಯರು. ಅರಿತರೆ ಒಳ್ಳೆಯದು; ಯಾಕಂದರೆ ನಮ್ಮ ಹಿರಿಯರು ಮೊದಲು ಕೇಳಿದ ಪ್ರಶ್ನೆ ನೀರು ಎಷ್ಟಿರಬೇಕೆಂಬದಲ್ಲ, ನೀರಿಗೆ ಬರತಕ್ಕವನು ಯಾರೆಂಬದೇ.

ಸ್ಮಿತ್ತರ ಜೊತೆಗಾರರಾದ ಥಾಮಸ್ ಹೆಲ್ವಿಸ್ ಎಂಬವರು, ಸಂಕಟವು ಇರುವ ಸ್ಥಳದಿಂದ ಓಡಿಹೋಗಿ ದೂರದಲ್ಲಿ ಸುಖವಾಗಿರುವದು ಸರಿಯಲ್ಲವೆಂದು ಎಣಿಸಿ, ಕೆಲವರೊಡನೆ ಇಂಗ್ಲೆಂಡಿಗೆ ಹಿಂತಿರುಗಿ ಲಂಡನ್ ಪಟ್ಟಣದ ಬಳಿಯಲ್ಲಿ ಸಭೆಯನ್ನು ಕೂಡಿಸಿದರು. 1612ರಲ್ಲಿ ಒಂದು ಪುಸ್ತಕವನ್ನು ಪ್ರಕಟಿಸಿ, ಅರಸನು ಮನುಷ್ಯನೇ ಹೊರತು ದೇವರಲ್ಲ, ಪ್ರಜೆಗಳ ಶರೀರದ ಮೇಲೆ ಅವನಿಗೆ ಅಧಿಕಾರವುಂಟಾದರೂ ಆತ್ಮದ ಮೇಲೆ ಇಲ್ಲ ಎಂಬ ಅರ್ಥದ ಮಾತನ್ನು ಅರಸನಿಗೇ ಬರೆದರು. ತಮ್ಮ ಗುಂಪಿಗೆ ಮಾತ್ರ ಬಿಡುಗಡೆಯನ್ನು ಕೇಳಲಿಲ್ಲ. ತುರ್ಕರಿಗೂ ಯೆಹೂದ್ಯರಿಗೂ ಅದೇ ಬಿಡುಗಡೆ ಸಲ್ಲತಕ್ಕದ್ದೆಂದು ಬರೆದರು. ಅರಸನು ಅವರನ್ನು ಸೆರೆಯಲ್ಲಿ ಹಾಕಿಸಿದನು. ಕೆಲವು ವರುಷಗಳಲ್ಲಿಯೇ ಅವರು ತೀರಿಕೊಂಡರು. ನಂಬಿಕೆಯ ವಿಷಯದಲ್ಲಿ ಸರಕಾರದ ಬಲವಂತವೂ ಇರಬಾರದು, ಸಭೆಯ ಬಲವಂತವೂ ಇರಬಾರದು ಎಂಬ ಈ ಬೋಧೆಯೂ, ದೀಕ್ಷಾಸ್ನಾನದ ಬೋಧೆಯೂ ಒಂದೇ ಬೇರಿನಿಂದ ಹುಟ್ಟಿದವುಗಳು. ಒಬ್ಬನ ಬದಲಾಗಿ ಮತ್ತೊಬ್ಬನು ನಂಬಲಾರನಾದರೆ, ತಂದೆಯೂ ಮಗನ ಬದಲಾಗಿ ನಂಬಲಾರನು, ಅರಸನೂ ಪ್ರಜೆಯ ಬದಲಾಗಿ ನಂಬಲಾರನು.

ಈ ಜನರ ಸುವಾರ್ತಾಸೇವೆಯು ಹಿಂದುಸ್ಥಾನಕ್ಕೆ ಬಂದದ್ದು ವಿಲಿಯಂ ಕೇರಿಯವರ ಮೂಲಕ. ಇವರು ಮೊದಲು ಪಾದರಕ್ಷೆ ಹೊಲಿಯುವ ಕೆಲಸ ಮಾಡುತ್ತಿದ್ದವರು ಎಂಬದು ನಮ್ಮ ವಾಚಕರಲ್ಲಿ ಅನೇಕರಿಗೆ ಸಂತೋಷವನ್ನುಂಟುಮಾಡುವ ಸಂಗತಿಯಾಗಿದೆ. 1792ರಲ್ಲಿ ಕೆಟರಿಂಗ್ ಎಂಬ ಊರಿನಲ್ಲಿ ಬ್ಯಾಪ್ಟಿಸ್ಟ್ ಮಿಷನು ಸ್ಥಾಪಿತವಾಯಿತು. ಮುಂದಿನ ವರುಷವೇ ಕೇರಿಯವರು ಬಂಗಾಳಕ್ಕೆ ಬಂದರು. ಕಂಪೆನಿ ಸರಕಾರವು ಮಿಷನೆರಿಗಳನ್ನು ಸಹಿಸದೆ ಇದ್ದದರಿಂದ, 1800ರಲ್ಲಿ ಡೇನರ ಆಳಿಕೆಯಲ್ಲಿದ್ದ ಶ್ರೀರಾಮಪುರದಲ್ಲಿ ನೆಲೆಸಿ, ಮಾರ್ಷ್‌ಮನ್, ವಾರ್ಡ್ ಎಂಬ ಜೊತೆಗಾರರೊಡನೆ ಅಚ್ಚುಕೂಟವನ್ನು ಇಟ್ಟರು.

ಅಲ್ಲಿ ಮೊದಲು ದೀಕ್ಷಾಸ್ನಾನ ಹೊಂದಿದ ಬಂಗಾಳದವನು ಕೃಷ್ಣಪಾಲನೆಂಬ ಬಡಗಿ. ಅವನ ತೋಳಿನ ಕೀಲು ತಪ್ಪಿದಾಗ ಮಿಷನಿನ ವೈದ್ಯರಾದ ಥಾಮಸರು ಅದನ್ನು ಸರಿಪಡಿಸಿ, ಹಾಗೆಯೇ ಸುವಾರ್ತೆಯನ್ನೂ ಹೇಳಿದರು. ಅವನು 1800ರ ದಶಂಬರ 22ರಲ್ಲಿ ಮಿಷನೆರಿಗಳ ಪಂಕ್ತಿಯಲ್ಲಿ ಕೂತು ಊಟಮಾಡಿದನು. ಜಾತಿ ಕೆಡಿಸಿಕೊಂಡನೆಂದು ಜನರು ಗುಂಪುಕೂಡಿ ಅವನನ್ನು ಅಧಿಕಾರಿಯ ಬಳಿಗೆ ಎಳೆದುಕೊಂಡು ಹೋದರು. ಅಧಿಕಾರಿಯು ತಪ್ಪೇನೂ ಕಾಣದೆ ಬಿಟ್ಟುಬಿಟ್ಟನು. ಅವನ ಸಂಗಡ ಸ್ನಾನ ಹೊಂದಬೇಕೆಂದಿದ್ದ ಗೋಕುಲನೂ ಮನೆಯ ಹೆಂಗಸರೂ ಈ ಗಲಭೆಯನ್ನು ಕಂಡು ಹಿಂಜರಿದರು. ಹೀಗಾಗಿ ದಶಂಬರ 28ರಲ್ಲಿ ಕೃಷ್ಣಪಾಲನೊಬ್ಬನೇ, ಕೇರಿಯವರ ಮಗನಾದ ಫೆಲಿಕ್ಸನ ಜೊತೆಯಲ್ಲಿ, ಹೂಗ್ಲಿ ನದಿಗೆ ಇಳಿದನು. ಹಿಂಜರಿದವರನ್ನು ಮಿಷನೆರಿಗಳು ಒತ್ತಾಯಪಡಿಸಲಿಲ್ಲ, ದೂರ ತಳ್ಳಲೂ ಇಲ್ಲ. 1801ರಲ್ಲಿ ಆ ಮನೆಯ ಜೋಯ್‌ಮಣಿ ಎಂಬ ಸಹೋದರಿಯೂ ಅವಳ ತರುವಾಯ ಮಿಕ್ಕವರೂ ತಾವಾಗಿಯೇ ಮುಂದೆ ಬಂದರು. ಏಳು ವರುಷ ಕಾದು ಒಂದು ಫಲವನ್ನೂ ಕಾಣದ ಮಿಷನೆರಿಗಳಿಗೆ, ಆ ದಿವಸ ನಾಲ್ಕು ಮಂದಿಯ ಹೆಸರನ್ನು ಬರೆದುಕೊಳ್ಳಬೇಕೆಂಬ ಆಶೆ ಎಷ್ಟು ಬಲವಾಗಿದ್ದಿರಬೇಕು! ಆದಾಗ್ಯೂ ಒಂದೇ ಹೆಸರಿಗೆ ಅವರು ತೃಪ್ತರಾದರು. ನಮ್ಮ ವರದಿಗಳಲ್ಲಿ ಅಂಕೆಗಳನ್ನು ತುಂಬಿಸುವ ಉಪದೇಶಿಗಳು ಈ ಭಾಗವನ್ನು ಎರಡು ಸಾರಿ ಓದಲಿ.

ಕನ್ನಡದವರಾದ ನಮಗೂ ಶ್ರೀರಾಮಪುರಕ್ಕೂ ಒಂದು ಸಂಬಂಧವುಂಟು. ಕೇರಿಯವರು ಪಂಡಿತರ ಸಹಾಯದಿಂದ ಹೊಸ ಒಡಂಬಡಿಕೆಯನ್ನು ಕನ್ನಡಕ್ಕೆ ತಿರುಗಿಸಿ ಇಟ್ಟಿದ್ದರು. 1812ರ ಮಾರ್ಚಿ 11ರ ಸಾಯಂಕಾಲ ಅಚ್ಚುಕೂಟಕ್ಕೆ ಬೆಂಕಿ ಬಿದ್ದು, ಅನೇಕ ಭಾಷೆಗಳ ಅಚ್ಚಿನ ಮೊಳೆಗಳೂ ಕಾಗದವೂ ಕೈಬರಹಗಳೂ ಸುಟ್ಟುಹೋದಾಗ, ಆ ಕನ್ನಡ ಭಾಷಾಂತರವೂ ಬೂದಿಯಾಯಿತು. ಕೇರಿಯವರು ಪುನಃ ಮೊದಲಿನಿಂದ ಆರಂಭಿಸಿದರು. 1817ರಲ್ಲಿ ಕನ್ನಡ ವ್ಯಾಕರಣವನ್ನು ಅಚ್ಚುಹಾಕಿಸಿ, 1820ರ ದಶಕದ ಆರಂಭದಲ್ಲಿ ಹೊಸ ಒಡಂಬಡಿಕೆಯನ್ನೂ ಹೊರಡಿಸಿದರು. ಆದರೆ ನಮ್ಮ ಸಭೆಗಳಲ್ಲಿ ಬಳಕೆಗೆ ಬಂದದ್ದು ಆ ಭಾಷಾಂತರವಲ್ಲ. ಲಂಡನ್ ಮಿಷನಿನ ಜಾನ್ ಹ್ಯಾಂಡ್ಸರು 1810ರಿಂದ ಬಳ್ಳಾರಿಯಲ್ಲಿಯೇ ಇದ್ದು, ಕನ್ನಡ ಜನರ ಬಾಯಿಂದಲೇ ಭಾಷೆಯನ್ನು ಕಲಿತು ಮಾಡಿದ ಭಾಷಾಂತರವು ತಳಹದಿಯಾಯಿತು. ಅದನ್ನು ಮುಂದೆ ಬಾಸೆಲ್ ಮಿಷನ್ ಮೊದಲಾದವರ ಪಂಡಿತರು ತಿದ್ದಿದರು. ಇದು ನ್ಯಾಯವೇ. ಕಾವೇರಿಯನ್ನೂ ತುಂಗೆಯನ್ನೂ ಕಾಣದವನು ಹೂಗ್ಲಿಯ ದಡದಲ್ಲಿ ಕೂತು ಬರೆದ ಕನ್ನಡವು ಎಷ್ಟು ಪರಿಶ್ರಮದ್ದಾದರೂ ಹಳ್ಳಿಯವನ ಕಿವಿಗೆ ಒಗ್ಗುವದು ಕಷ್ಟ.

ಭಾಷಾಂತರದ ಮಾತು ಬಂದದರಿಂದ ಒಂದು ಶಬ್ದದ ವಿಷಯವನ್ನು ಹೇಳಿ ಮುಂದೆ ಹೋಗುತ್ತೇವೆ. ಮೂಲ ಗ್ರೀಕ್ ಭಾಷೆಯಲ್ಲಿ ಬಾಪ್ತಿಸ್ಮವೆಂಬ ಶಬ್ದಕ್ಕೆ ಅದ್ದುವದು, ಮುಳುಗಿಸುವದು ಎಂಬ ಅರ್ಥ. ಬಂಗಾಳದ ಬ್ಯಾಪ್ಟಿಸ್ಟರು ತಮ್ಮ ಸತ್ಯವೇದದಲ್ಲಿ ಈ ಅರ್ಥವನ್ನೇ ನೇರವಾಗಿ ಹಾಕಿದ್ದರಿಂದ, 1830ರ ದಶಕದಲ್ಲಿ ಬೈಬಲ್ ಸೊಸೈಟಿಯವರು ಅದಕ್ಕೆ ಹಣ ಕೊಡಲು ಒಪ್ಪಲಿಲ್ಲ. ಬ್ಯಾಪ್ಟಿಸ್ಟರು 1840ರಲ್ಲಿ ಬೇರೆಯೇ ಒಂದು ಸಂಘವನ್ನು ಮಾಡಿಕೊಂಡರು. ಕನ್ನಡದಲ್ಲಿ ಇಂಥ ಜಗಳಕ್ಕೆ ಎಡೆಯಿಲ್ಲ. ದೀಕ್ಷಾಸ್ನಾನವೆಂಬ ಮಾತಿನಲ್ಲಿ ದೀಕ್ಷೆಯೂ ಉಂಟು, ಸ್ನಾನವೂ ಉಂಟು. ನಾವು ನಗುತ್ತಾ, ನಾಲ್ಕು ಹನಿಗಳನ್ನು ಚಿಮುಕಿಸಿದರೆ ಅದಕ್ಕೆ ಪ್ರೋಕ್ಷಣೆ ಎನ್ನುತ್ತಾರೆ, ನಮ್ಮ ಊರಲ್ಲಿ ಯಾರೂ ಅದನ್ನು ಸ್ನಾನವೆನ್ನರು ಎಂದು ಹೇಳುವದುಂಟು. ಅದಕ್ಕೆ ಮೆಥೊಡಿಸ್ಟ್ ಪಂಗಡದಿಂದ ಬಂದ ಸಹೋದರರು, ದೀಕ್ಷೆಯಿಲ್ಲದವನು ಹೊಳೆಯಲ್ಲಿ ದಿನವೆಲ್ಲಾ ಮುಳುಗಿದ್ದರೂ ಏನು ಪ್ರಯೋಜನ ಎಂದು ಉತ್ತರ ಕೊಡುತ್ತಾರೆ. ಅವರ ಮಾತೂ ಸರಿಯೇ.

ಈಗ ವೇದಭಾಗಕ್ಕೆ ಬರೋಣ. ಐಥಿಯೋಪ್ಯದ ಕಂಚುಕಿಯು ರಥದಲ್ಲಿ ಕೂತು ಯೆಶಾಯನ ಗ್ರಂಥವನ್ನು ಓದುತ್ತಿದ್ದನು. ಓದಿದ್ದರ ಅರ್ಥವನ್ನು ಫಿಲಿಪ್ಪನಿಂದ ತಿಳಿದನು. ನೀರು ಕಂಡಾಗ ದೀಕ್ಷಾಸ್ನಾನಕ್ಕೆ ಅಡ್ಡಿಯೇನೆಂದು ತಾನೇ ಕೇಳಿದನು. ಇಬ್ಬರೂ ನೀರಿಗೆ ಇಳಿದರು. ಓದುವದು, ತಿಳಿಯುವದು, ಕೇಳಿಕೊಳ್ಳುವದು, ಇಳಿಯುವದು ಎಂಬ ಈ ಕ್ರಮವನ್ನು ನಾವು ಹಿಡಿದಿದ್ದೇವೆ. ಶಿಶುವಿಗೆ ಇವುಗಳಲ್ಲಿ ಕೊನೆಯದು ಮಾತ್ರ ಆಗುವದು, ಅದೂ ಮತ್ತೊಬ್ಬರ ಕೈಯಲ್ಲಿ.

ಇದಕ್ಕೆ ವಿರೋಧವಾಗಿ ಫಿಲಿಪ್ಪಿಯ ಸೆರೆಮನೆಯ ಯಜಮಾನನನ್ನು ತೋರಿಸುವದುಂಟು. ಅವನೂ ಅವನ ಮನೆಯವರೆಲ್ಲರೂ ಆ ರಾತ್ರಿಯೇ ಸ್ನಾನ ಹೊಂದಿದರಲ್ಲಾ, ಆ ಮನೆಯಲ್ಲಿ ಮಕ್ಕಳಿರಲಿಲ್ಲವೇ? ಲುದ್ಯಳ ಮನೆಯವರಲ್ಲಿ ಮಕ್ಕಳಿರಲಿಲ್ಲವೇ? ಇದು ಹಗುರವಾದ ಪ್ರಶ್ನೆಯಲ್ಲ. ನಮ್ಮ ದೇಶದಲ್ಲಿ ಮನೆಯ ಯಜಮಾನನು ತಿರುಗಿದರೆ ಮನೆಯೆಲ್ಲಾ ತಿರುಗುವ ವಾಡಿಕೆಯಿರುವದರಿಂದ ಇದು ಹಳ್ಳಿಯ ಮನಸ್ಸಿಗೆ ಬೇಗ ಹಿಡಿಯುತ್ತದೆ. ಆದರೆ ಆ ವಾಕ್ಯಗಳನ್ನು ಸಾವಕಾಶವಾಗಿ ಓದಿದರೆ, ಪೌಲ ಸೀಲರು ಆ ಮನೆಯಲ್ಲಿದ್ದವರೆಲ್ಲರಿಗೂ ದೇವರ ವಾಕ್ಯವನ್ನು ಹೇಳಿದರೆಂದೂ, ಮನೆಯವರೆಲ್ಲರ ಸಂಗಡ ಅವನು ನಂಬಿ ಉಲ್ಲಾಸಪಟ್ಟನೆಂದೂ ಕಾಣುವದು. ಕೇಳಿದವರು, ನಂಬಿದವರು, ಉಲ್ಲಾಸಪಟ್ಟವರು ಸ್ನಾನ ಹೊಂದಿದರು. ಲುದ್ಯಳ ಮನೆಯ ವಿಷಯದಲ್ಲಿ ವೇದವು ಇಷ್ಟನ್ನೂ ಹೇಳುವದಿಲ್ಲ. ಹೇಳದಿರುವ ಮಾತಿನ ಮೇಲೆ ಅವರೂ ಮನೆ ಕಟ್ಟಬಾರದು, ನಾವೂ ಕಟ್ಟಬಾರದು.

ನಮ್ಮ ಶಿಶುಗಳನ್ನು ನಾವು ಸಭೆಯ ಮುಂದೆ ತಂದು ದೇವರಿಗೆ ಒಪ್ಪಿಸಿ ಪ್ರಾರ್ಥಿಸುತ್ತೇವೆ. ಅವರನ್ನು ಕರ್ತನ ಭಯದಲ್ಲಿ ಬೆಳೆಸುವೆವೆಂದು ಹೆತ್ತವರು ಮಾತು ಕೊಡುತ್ತಾರೆ. ಆ ದಿವಸ ಮಾತು ಕೊಡುವವರು ಹೆತ್ತವರೇ. ಮಗುವಿನ ಮಾತನ್ನು ಮಗುವಿಗೇ ಬಿಟ್ಟಿರುತ್ತೇವೆ. ಇದರಲ್ಲಿ ಹೆತ್ತವರಿಗೆ ದುಃಖದ ಅಪಾಯವೂ ಉಂಟು. ಕ್ರೈಸ್ತರ ಮನೆಯಲ್ಲಿ ಹುಟ್ಟಿ, ಭಾನುವಾರದ ಶಾಲೆಯಲ್ಲಿ ಬಹುಮಾನಗಳನ್ನು ಗೆದ್ದು, ಇಪ್ಪತ್ತೈದು ವಯಸ್ಸಾದರೂ ನೀರಿನ ಬಳಿಗೆ ಬಾರದ ಮಕ್ಕಳು ನಮ್ಮಲ್ಲಿಯೂ ಉಂಟು. ಅವರಿಗಾಗಿ ಪ್ರಾರ್ಥಿಸುತ್ತೇವೆ, ಎಳೆಯುವದಿಲ್ಲ.

ಶಿವಮೊಗ್ಗದಲ್ಲಿ ನಾವು ಮೊದಲಿಗರಲ್ಲ. ಹಳೆಯ ಮೈಸೂರು ಸಂಸ್ಥಾನದಲ್ಲಿ ಬ್ಯಾಪ್ಟಿಸ್ಟ್ ಮಿಷನು ದೊಡ್ಡ ಕ್ಷೇತ್ರವನ್ನು ಹಿಡಿಯಲಿಲ್ಲ. 19ನೆಯ ಶತಮಾನದಲ್ಲಿ ಶಿವಮೊಗ್ಗದಲ್ಲಿ ಸಾರಿದವರೂ ಕಲಿಸಿದವರೂ ವೆಸ್ಲಿಯನ್ ಮಿಷನಿನವರು. ಅವರ ಸಭೆಗಳು 1947ರ ಸೆಪ್ಟೆಂಬರ 27ರಲ್ಲಿ ಮದರಾಸಿನಲ್ಲಿ ಕೂಡಿಬಂದ ದಕ್ಷಿಣ ಇಂಡಿಯಾ ಸಭೆಯಲ್ಲಿ ಒಂದಾದವು. ದಕ್ಷಿಣದ ಬ್ಯಾಪ್ಟಿಸ್ಟರು ಆ ಐಕ್ಯದಲ್ಲಿ ಸೇರಲಿಲ್ಲ. 1970ರಲ್ಲಿ ನಾಗಪುರದಲ್ಲಿ ಉತ್ತರ ಇಂಡಿಯಾದ ಸಭೆಯು ಏರ್ಪಟ್ಟಾಗ ಅಲ್ಲಿಯ ಬ್ಯಾಪ್ಟಿಸ್ಟರಲ್ಲಿ ಒಂದು ಭಾಗದವರು ಸೇರಿದರು. ಶಿಶುಸ್ನಾನವನ್ನೂ ವಿಶ್ವಾಸಿಗಳ ಸ್ನಾನವನ್ನೂ ಆ ಸಭೆಯು ಒಟ್ಟಿಗೆ ಇಟ್ಟುಕೊಂಡಿದೆ. ಆದಕಾರಣ ಈ ಭೇದವಿದ್ದರೆ ಒಂದಾಗುವದು ಅಸಾಧ್ಯವೆಂದು ಯಾರೂ ಹೇಳದಿರಲಿ. ವೆಸ್ಲಿಯನರು ಬಿತ್ತಿದ ಹೊಲದ ಅಂಚಿನಲ್ಲಿ ನಾವು ಬಂದು ನಿಂತವರೆಂಬದನ್ನು ನಮ್ಮ ಯೌವನಸ್ಥರು ಮರೆಯಬಾರದು.

ಭದ್ರಾವತಿಯ ರೀತಿ ಬೇರೆ. ಅದು ಬೆಂಕಿಪುರವೆಂಬ ಸಣ್ಣ ಊರಾಗಿತ್ತು. ಸರ್ ಎಂ. ವಿಶ್ವೇಶ್ವರಯ್ಯನವರ ಪ್ರಯತ್ನದಿಂದ ಅಲ್ಲಿ ಕಬ್ಬಿಣದ ಕಾರ್ಖಾನೆಯು ಏರ್ಪಟ್ಟು, 1923ರಲ್ಲಿ ಕುಲುಮೆ ಹೊತ್ತಿತು. ಕೆಮ್ಮಣ್ಣುಗುಂಡಿಯ ಅದಿರನ್ನು ಮಲೆನಾಡಿನ ಮರದ ಇದ್ದಲಿನಿಂದ ಕರಗಿಸುತ್ತಿದ್ದರು. 1936ರಲ್ಲಿ ಕಾಗದದ ಕಾರ್ಖಾನೆಯೂ ಸ್ಥಾಪಿತವಾಯಿತು. ಕೆಲಸವನ್ನು ಹುಡುಕಿಕೊಂಡು ತಮಿಳು, ತೆಲುಗು, ಮಲಯಾಳ ಮಾತಾಡುವ ಜನರು ದೂರದಿಂದ ಬಂದು ನೆಲೆಸಿದರು. ಅವರಲ್ಲಿ ಕ್ರೈಸ್ತರೂ ಇದ್ದರು. ಹಳ್ಳಿಯಲ್ಲಿ ಸಭೆಯು ಒಂದು ಕೇರಿಯಲ್ಲಿ, ಒಂದೇ ಕುಲದವರಲ್ಲಿ ಹುಟ್ಟಿ ಬೆಳೆಯುವದು ಸಾಮಾನ್ಯ. ಕಾರ್ಖಾನೆಯ ಊರಿನಲ್ಲಿ ಹಾಗಲ್ಲ. ಒಂದೇ ಪಾಳಿಯಲ್ಲಿ ದುಡಿದು ಬಂದವರು, ಮಾತೃಭಾಷೆ ಬೇರೆಬೇರೆಯಾದವರು, ತಾತನ ಊರು ಯಾವದೆಂದು ಒಬ್ಬರಿಗೊಬ್ಬರು ಅರಿಯದವರು ಒಂದು ಕೊಠಡಿಯಲ್ಲಿ ಪ್ರಾರ್ಥನೆಗೆ ಕೂಡುತ್ತಾರೆ. ಇವರನ್ನು ಜೋಡಿಸತಕ್ಕದ್ದು ಕುಲವಲ್ಲ, ಭಾಷೆಯೂ ಅಲ್ಲ. ಪ್ರತಿಯೊಬ್ಬನೂ ತಾನಾಗಿ ಹೇಳಿದ ಅರಿಕೆಯೇ. ಇಂಥ ಊರಿಗೆ ಬ್ಯಾಪ್ಟಿಸ್ಟ್ ಕ್ರಮವು ಹೊಂದಿಕೊಳ್ಳುತ್ತದೆಂದು ನಮ್ಮ ಅಭಿಪ್ರಾಯ.

ಆ ಕ್ರಮವೇನೆಂದರೆ: ಒಂದು ಸ್ಥಳದಲ್ಲಿ ನಂಬಿ ಸ್ನಾನ ಹೊಂದಿದವರು ಕೂಡಿಕೊಂಡರೆ ಅದು ಪೂರ್ಣವಾದ ಸಭೆ. ಸಭಾಪಾಲಕರನ್ನು ಕರೆಯುವವರು ಆ ಸಭಾಸದರೇ. ಸಭಾಸೇವಕರನ್ನು ಆರಿಸುವವರೂ ಅವರೇ. ಕಾಣಿಕೆಯ ಲೆಕ್ಕವನ್ನು ಕೇಳುವ ಹಕ್ಕು ಕೂಲಿಯ ಹೆಂಗಸಿಗೂ ಉಂಟು. ಇದರ ಒಳ್ಳೆಯದನ್ನು ಹೇಳಿದವರು ಕೆಟ್ಟದ್ದನ್ನೂ ಹೇಳಬೇಕು. ಸಭೆಯೊಳಗೆ ವ್ಯಾಜ್ಯ ಬಿದ್ದರೆ ನಮಗೆ ಬಿಷಪ್ಪರಿಲ್ಲ, ಮೇಲಿನ ಕೋರ್ಟೂ ಇಲ್ಲ. ಇಬ್ಬರು ಹಿರಿಯರಿಗೆ ಮನಸ್ತಾಪವಾದರೆ ಬೀದಿಯ ಆಚೆ ಇನ್ನೊಂದು ಫಲಕ ಏಳುತ್ತದೆ. ಒಡೆದು ಒಡೆದು ಬೆಳೆಯುವದನ್ನು ಆತ್ಮನ ಕಾರ್ಯವೆಂದು ಹೇಳಿಕೊಳ್ಳುವವರೂ ಉಂಟು. ನಾವು ಅದನ್ನು ನಂಬುವದಿಲ್ಲ. ಜೀವನೋಪಾಯದ ಕಷ್ಟವೂ ಇದರೊಂದಿಗೆ ಸೇರಿದೆ. ಕಾಗದದ ಕಾರ್ಖಾನೆಯ ಕೆಲಸವು 2015ರ ಸುಮಾರಿಗೆ ನಿಂತಿತು. 2023ರ ಜನವರಿಯಲ್ಲಿ ಕಬ್ಬಿಣದ ಕಾರ್ಖಾನೆಯನ್ನೂ ಮುಚ್ಚುವ ನಿರ್ಧಾರವು ಪ್ರಕಟವಾದಾಗ ಊರೆಲ್ಲಾ ಕಳವಳಗೊಂಡಿತು. ಅದೇ ವರುಷದ ಆಗಸ್ಟಿನಲ್ಲಿ ಕೆಲಸದ ಒಂದು ಭಾಗ ಪುನಃ ಆರಂಭವಾಯಿತು. ಸಂಬಳದಾರರ ದಶಮಾಂಶದ ಮೇಲೆ ನಿಂತ ಸಭೆಯು ಇಂಥ ಕಾಲದಲ್ಲಿ ತನ್ನ ಪಾಲಕರನ್ನು ಹೇಗೆ ಪೋಷಿಸಬೇಕು? ಪೌಲನು ಗುಡಾರ ಹೊಲಿದ ಹಾಗೆ ಪಾಲಕರೂ ಕೈಕೆಲಸ ಮಾಡಿಕೊಂಡು ಸೇವೆ ಮಾಡುವದು ಅವಮಾನವಲ್ಲವೆಂದು ಸಭೆಗಳು ಕಲಿಯಬೇಕಾಗಿದೆ.

ಇನ್ನು ಈ ಪಾಠದಲ್ಲಿ ಭಾರವಾದ ಭಾಗಕ್ಕೆ ಬರುತ್ತೇವೆ. ಸ್ವಂತ ಅರಿಕೆಯಿಂದಲೇ ಸ್ನಾನವೆಂದು ಬೋಧಿಸುವವರು, ಆ ಅರಿಕೆಗೆ ತಗಲುವ ವೆಚ್ಚವನ್ನು ಮೊದಲೇ ತಿಳಿಸಬೇಕು. ಗೋಪುರ ಕಟ್ಟುವವನು ಮೊದಲು ಕೂತು ಲೆಕ್ಕಮಾಡುವನೆಂದು ಕರ್ತನು ಹೇಳಿದ್ದು ಇದಕ್ಕಾಗಿಯೇ.

ಪರಿಶಿಷ್ಟ ಜಾತಿಗಳ ವಿಷಯವಾಗಿ 1950ರಲ್ಲಿ ರಾಷ್ಟ್ರಪತಿಗಳು ಹೊರಡಿಸಿದ ಆಜ್ಞೆಯ ಪ್ರಕಾರ, ಹಿಂದೂ ಧರ್ಮದವರಲ್ಲದವರು ಪರಿಶಿಷ್ಟ ಜಾತಿಯವರೆಂದು ಎಣಿಸಲ್ಪಡುವದಿಲ್ಲ. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಒಳಗೆ ತೆಗೆದುಕೊಂಡರು. ಕ್ರೈಸ್ತರೂ ಮುಸಲ್ಮಾನರೂ ಹೊರಗೆ ಉಳಿದರು. ಪರಿಶಿಷ್ಟ ಪಂಗಡದವರಿಗೆ ಈ ಕಟ್ಟು ಇಲ್ಲ. ನಮ್ಮ ಜಿಲ್ಲೆಯ ಕೇರಿಗಳಲ್ಲಿ ಸುವಾರ್ತೆಯನ್ನು ಪ್ರೀತಿಯಿಂದ ಕೇಳುವವರಲ್ಲಿ ಬಹುಮಂದಿ ಯಾವ ಜನಾಂಗದವರೆಂಬದು ವಾಚಕರಿಗೆ ಗೊತ್ತೇ ಇದೆ. ಮಗನ ವಿದ್ಯಾರ್ಥಿವೇತನ, ಮಗಳ ಹಾಸ್ಟೆಲು, ತಹಶೀಲ್ದಾರರ ಕಚೇರಿಯ ಪ್ರಮಾಣಪತ್ರದ ಮೇಲೆ ನಿಂತ ಒಂದು ನೌಕರಿ, ಇವೆಲ್ಲವೂ ಆ ನೀರಿನ ದಡದಲ್ಲಿ ಬಂದು ನಿಲ್ಲುತ್ತವೆ. ಅನ್ಯಾಯವಾದರೆ ಅನ್ಯಾಯವೆಂದೇ ಹೇಳೋಣ: ಮತ ಬದಲಾದ ಮಾತ್ರಕ್ಕೆ ಕೇರಿಯ ಬಡತನವೂ ಬದಲಾಗಲಿಲ್ಲ, ಬಾವಿಯ ಬಳಿಯ ನೋಟವೂ ಬದಲಾಗಲಿಲ್ಲ. ಈ ವಿಷಯವನ್ನು ವಿಚಾರಿಸುವದಕ್ಕೆ 2022ರಲ್ಲಿ ಕೇಂದ್ರ ಸರಕಾರವು ಒಂದು ಆಯೋಗವನ್ನು ನೇಮಿಸಿತು.

ಇದರಿಂದ ಹುಟ್ಟಿದ ರೋಗವೊಂದುಂಟು. ಭಾನುವಾರ ಒಂದು ಹೆಸರು, ಕಚೇರಿಯಲ್ಲಿ ಮತ್ತೊಂದು ಹೆಸರು. ಕೆಲವು ಬೋಧಕರು, ಸ್ನಾನ ಹೊಂದು, ದಾಖಲೆಯಲ್ಲಿ ಬರೆಯುವದಿಲ್ಲ, ಯಾರಿಗೂ ತಿಳಿಯುವದಿಲ್ಲ ಎಂದು ಧೈರ್ಯ ಹೇಳುತ್ತಾರೆ. 2024ರ ನವೆಂಬರಿನಲ್ಲಿ ಪುದುಚೇರಿಯ ಒಬ್ಬ ಸ್ತ್ರೀಯ ವ್ಯಾಜ್ಯವು ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ಆಕೆಯು ಶಿಶುವಾಗಿದ್ದಾಗ ಹೊಂದಿದ ದೀಕ್ಷಾಸ್ನಾನವೂ, ಕ್ರಮವಾಗಿ ದೇವಾಲಯಕ್ಕೆ ಹೋಗುತ್ತಿದ್ದದ್ದೂ ವಿಚಾರಣೆಯಲ್ಲಿ ಬಂದು, ಕ್ರೈಸ್ತ ನಂಬಿಕೆಯನ್ನು ಅನುಸರಿಸುತ್ತಾ ಮೀಸಲಾತಿಗಾಗಿ ಮಾತ್ರ ಹಿಂದೂ ಪರಿಶಿಷ್ಟ ಜಾತಿಯ ಪ್ರಮಾಣಪತ್ರವನ್ನು ಕೇಳುವದು ಸಲ್ಲದೆಂದು ನ್ಯಾಯಾಲಯವು ತೀರ್ಪು ಕೊಟ್ಟಿತು. ವಾಚಕರು ಯೋಚಿಸಲಿ. ಆ ಮಗುವಿನ ಹೆಸರನ್ನು ಬರೆದಾಗ ಅದನ್ನು ಯಾರೂ ಕೇಳಿರಲಿಲ್ಲ. ಕೇಳಿದರೂ ಉತ್ತರ ಹೇಳುವ ಪ್ರಾಯವಲ್ಲ. ಆಕೆಯನ್ನು ನಾವು ತೀರ್ಪುಮಾಡುವವರಲ್ಲ. ಆದರೆ ಇನ್ನೊಬ್ಬರ ಹೆಸರನ್ನು ನಮ್ಮ ದಾಖಲೆಯಲ್ಲಿ ಬರೆಯುವ ಕೈ ಎಷ್ಟು ಭಯದಿಂದ ಬರೆಯಬೇಕೆಂಬದನ್ನು ಈ ಸಂಗತಿಯು ತೋರಿಸುತ್ತದೆ.

ಹಾಗಾದರೆ ಸ್ನಾನಕ್ಕೆ ಬರುವವನಿಗೆ ಏನು ಹೇಳಬೇಕು? ಮರೆಯಾಗಿ ಸ್ನಾನ ಹೊಂದೆಂದು ಹೇಳಬಾರದು. ಅದು ಸ್ನಾನದ ಅರ್ಥಕ್ಕೇ ವಿರೋಧ, ಯಾಕಂದರೆ ಹತ್ತು ಜನರೆದುರಿಗೆ ಹೇಳುವದೇ ಅದರ ಪ್ರಾಣ. ಸ್ನಾನವಿಲ್ಲದೆ ರಕ್ಷಣೆಯೇ ಇಲ್ಲವೆಂದು ಹೆದರಿಸಲೂ ಬಾರದು. ಶಿಲುಬೆಯ ಮೇಲಿದ್ದ ಕಳ್ಳನಿಗೆ ಕೊಳವೂ ಹೊಳೆಯೂ ಸಿಕ್ಕಲಿಲ್ಲ. ಕಾನೂನಿನಿಂದ ಆಗುವ ನಷ್ಟವನ್ನು ಅಂಕೆಯಿಟ್ಟು ತಿಳಿಸಿ, ಮನೆಯವರೊಡನೆ ಮಾತಾಡಲು ಬಿಟ್ಟು, ಕಾಯಬೇಕು. ಒಂದು ವರುಷವಾದರೂ ಎರಡು ವರುಷವಾದರೂ ಕಾಯಬೇಕು. ಹೀಗೆ ಕಾಯುವವರಿಗೆ ಪ್ರಾರ್ಥನೆಯಲ್ಲಿಯೂ ಪಾಠದಲ್ಲಿಯೂ ಊಟದಲ್ಲಿಯೂ ನಮ್ಮ ಸಂಗಡ ಸ್ಥಳವಿರಬೇಕು. ನಷ್ಟವನ್ನು ತಿಳಿದೂ ಮುಂದೆ ಬಂದವನಿದ್ದರೆ, ಆ ನಷ್ಟವನ್ನು ಅವನೊಬ್ಬನ ಹೆಗಲಿಗೆ ಬಿಟ್ಟು ನಾವು ಹಾಡುತ್ತಾ ಮನೆಗೆ ಹೋಗುವದು ಯಾವ ನ್ಯಾಯ? ಅವನ ಮಗಳ ಶಾಲೆಯ ಫೀಜನ್ನು ಸಭೆಯ ಪೆಟ್ಟಿಗ�ೆಯಿಂದ ಕೊಡಲಾಗದಷ್ಟು ಬಡವರು ನಾವಾದರೆ, ಹತ್ತು ಮನೆಗಳಿಂದ ಹಿಡಿ ಅಕ್ಕಿ ಎತ್ತಿಯಾದರೂ ಕೊಡಬೇಕು.

ಇದಕ್ಕೆ ವಿರುದ್ಧವಾದ ತಪ್ಪೂ ಉಂಟು. ಅದು ಕೊಟ್ಟು ಕರೆಯುವದು. ನಮ್ಮ ನೆರೆಯ ತೆಲುಗು ಸೀಮೆಯಲ್ಲಿ ನಡೆದದ್ದನ್ನು ಕೇಳಿರಿ. ಒಂಗೋಲಿನಲ್ಲಿದ್ದ ಅಮೆರಿಕದ ಬ್ಯಾಪ್ಟಿಸ್ಟ್ ಮಿಷನೆರಿ ಜಾನ್ ಕ್ಲೋ ಎಂಬವರ ಸೇವೆಯಲ್ಲಿ, 1860ರ ದಶಕದಲ್ಲಿ ಯೆರ್ರಗುಂಟ್ಲ ಪೇರಯ್ಯನೆಂಬ ಮಾದಿಗರ ಕುಲದ ಚರ್ಮದ ವ್ಯಾಪಾರಿಯಿಂದ ಸುವಾರ್ತೆಯು ಹಳ್ಳಿಗಳಿಗೆ ಹಬ್ಬಿತು. 1876ರಿಂದ 1878ರ ವರೆಗೆ ಘೋರ ಕ್ಷಾಮ ಬಂತು. ಕ್ಲೋ ಅವರು ಬಕಿಂಗ್‌ಹ್ಯಾಮ್ ಕಾಲುವೆಯ ಒಂದು ಭಾಗವನ್ನು ತೋಡಿಸುವ ಗುತ್ತಿಗೆಯನ್ನು ಹಿಡಿದು ಸಾವಿರಾರು ಜನರಿಗೆ ಕೂಲಿ ಕೊಟ್ಟರು. ಸ್ನಾನ ಬೇಕೆಂದು ಜನರು ಬೇಡಿಕೊಂಡರೂ, ಅನ್ನಕ್ಕಾಗಿ ಬಂದರೆಂಬ ಮಾತು ಬರಬಾರದೆಂದು ಕ್ಷಾಮದ ಕಾಲದಲ್ಲಿ ಒಂದು ವರುಷಕ್ಕೂ ಹೆಚ್ಚು ಕಾಲ ಯಾರಿಗೂ ಸ್ನಾನ ಕೊಡಲಿಲ್ಲ. ಕೂಲಿಯ ಕೆಲಸವು ತೀರಿ, ಕೊಡುವದಕ್ಕೆ ಕೈಯಲ್ಲಿ ಏನೂ ಇಲ್ಲದಿರುವಾಗ ಸ್ನಾನವನ್ನು ಪುನಃ ಆರಂಭಿಸಿದರು. 1878ರ ಜುಲೈ 3ರಲ್ಲಿ ಗುಂಡ್ಲಕಮ್ಮ ನದಿಯಲ್ಲಿ ಒಂದೇ ದಿವಸ 2,222 ಮಂದಿ ಇಳಿದರು. ಆ ಅಂಕೆಯನ್ನು ಎಲ್ಲರೂ ಹೇಳುತ್ತಾರೆ. ಅದರ ಹಿಂದೆ ಇದ್ದ ನಿಲ್ಲಿಸುವಿಕೆಯನ್ನು ಹೇಳುವವರು ಕಡಿಮೆ.

ಶಿಶುಸ್ನಾನ ಹೊಂದಿದ ಸಹೋದರರ ಸಂಗಡ ನಮ್ಮ ಬಳಕೆ ಹೇಗಿರಬೇಕೆಂಬ ಪ್ರಶ್ನೆ ಉಳಿದಿದೆ. ಅಂಥವರು ಸ್ವಂತ ಅರಿಕೆಯಿಂದ ಸ್ನಾನ ಬೇಕೆಂದು ಬಂದರೆ ನಾವು ಅದನ್ನು ಎರಡನೆಯ ಸ್ನಾನವೆನ್ನುವದಿಲ್ಲ. ಅವರ ಹಳೆಯ ಸಭೆಯವರಿಗೆ ಈ ಮಾತು ನೋವುಂಟುಮಾಡುವದೆಂದೂ ಬಲ್ಲೆವು. ಆದಕಾರಣ ಅವರ ಪಾದ್ರಿಗಳಿಗೆ ಮುಂಚಿತವಾಗಿ ತಿಳಿಸದೆ ಕೊಡುವದು ಮರ್ಯಾದೆಯಲ್ಲ. ಬಾರದವರ ವಿಷಯದಲ್ಲೋ? ಯಾತ್ರಿಕನ ಸಂಚಾರವನ್ನು ಓದದ ಕನ್ನಡ ಕ್ರೈಸ್ತರು ಕಡಿಮೆ. ಅದನ್ನು ಬರೆದ ಜಾನ್ ಬನಿಯನ್ನರು ಅಪ್ಪಣೆಯಿಲ್ಲದೆ ಬೋಧಿಸಿದ್ದಕ್ಕಾಗಿ 1660ರಿಂದ 1672ರ ವರೆಗೆ ಬೆಡ್‌ಫರ್ಡಿನ ಸೆರೆಯಲ್ಲಿದ್ದವರು. ಅವರು 1673ರಲ್ಲಿ, ನೀರಿನ ಸ್ನಾನದ ವಿಷಯದಲ್ಲಿ ಅಭಿಪ್ರಾಯಭೇದವಿದ್ದ ಮಾತ್ರಕ್ಕೆ ಕರ್ತನ ಮೇಜಿನಲ್ಲಿ ಅಡ್ಡಿಯಿಲ್ಲವೆಂದು ಪುಸ್ತಕವನ್ನೇ ಬರೆದರು. ಬ್ಯಾಪ್ಟಿಸ್ಟರಲ್ಲಿ ಎಲ್ಲರೂ ಅದನ್ನು ಒಪ್ಪಲಿಲ್ಲ, ಇಂದೂ ಒಪ್ಪುವದಿಲ್ಲ. ನಾವು ಬನಿಯನ್ನರ ಪಕ್ಷದವರು.

ಈ ಪಾಠವನ್ನು ಕೂಟಗಳಲ್ಲಿ ಉಪಯೋಗಿಸುವ ಉಪದೇಶಿಗಳಿಗೆ ಕೆಲವು ಮಾತುಗಳು. ಹದಿನೆಂಟು ವರುಷ ತುಂಬದವರಿಗೆ, ಹೆತ್ತವರ ಒಪ್ಪಿಗೆಯಿಲ್ಲದೆ, ಅವರು ಎಷ್ಟು ಬೇಡಿಕೊಂಡರೂ ಸ್ನಾನ ಕೊಡಬೇಡಿರಿ. ಗಂಡನು ನಂಬದೆ ಹೆಂಡತಿಯು ನಂಬಿದ ಮನೆಗಳಲ್ಲಿ ಹೆಂಗಸರೇ ಹೋಗಿ ಮಾತಾಡಲಿ. 2022ರಲ್ಲಿ ಕರ್ನಾಟಕದಲ್ಲಿ ಮತಾಂತರದ ವಿಷಯವಾಗಿ ಕಾಯಿದೆ ಬಂತು. 2023ರ ಜೂನಿನಲ್ಲಿ ಅದನ್ನು ಹಿಂತೆಗೆಯುವದಾಗಿ ಸಚಿವ ಸಂಪುಟವು ನಿರ್ಧರಿಸಿತು. ಆದಕಾರಣ ಯಾವ ಸ್ನಾನಕ್ಕೂ ಮುಂಚೆ ಕಾನೂನು ಬಲ್ಲ ಒಬ್ಬರನ್ನು ಕೇಳಿ, ಅವರು ಹೇಳಿದ ಪ್ರಕಾರ ಮಾಡಿರಿ. ಸ್ನಾನದ ದಾಖಲೆಯಲ್ಲಿ ಹೆಸರನ್ನು ಅವರವರ ಕೈಯಿಂದಲೇ ಬರೆಯಿಸಿರಿ. ಅಕ್ಷರ ಬಾರದವರಿಗೆ ಮೊದಲು ಹೆಸರು ಬರೆಯುವಷ್ಟನ್ನು ಕಲಿಸಿರಿ, ಹೆಬ್ಬೆಟ್ಟಿಗೆ ಅವಸರಪಡಬೇಡಿರಿ. ಮುಂಗಾರಿನಲ್ಲಿ ತುಂಗೆಯೂ ಭದ್ರೆಯೂ ಕೆಂಪಾಗಿ ತುಂಬಿ ಹರಿಯುವಾಗ ಹೊಳೆಗೆ ಇಳಿಯಬೇಡಿರಿ. ತೊಟ್ಟಿಯ ನೀರು ಸಾಕು. ಹೊಳೆಯೇ ಬೇಕೆನ್ನುವವರು ದೀಪಾವಳಿ ಕಳೆದು ನೀರು ತಿಳಿಯಾಗುವ ತನಕ ತಾಳಲಿ, ಜನರು ಕುಡಿಯುವ ನೀರನ್ನು ತುಂಬಿಕೊಳ್ಳುವ ಮೆಟ್ಟಲುಗಳನ್ನು ಬಿಟ್ಟು ಕೆಳಗಿನ ಸ್ಥಳವನ್ನು ನೋಡಿಕೊಳ್ಳಲಿ.